ಅಪ್ಪ ಹೊಲಿದ ನೂರು ಗಾದಿ

ನಮ್ಮಪ್ಪ ಯಾರ ಮನೆಗೆ ಹೋದರೂ ಮೊದಲು ಗಾದಿ ಒತ್ತಿ ನೋಡುತ್ತಿದ್ದ. ಕುರ್ಚಿ ಹಾಕಿಕೊಟ್ಟರೂ ಕೂರದೆ ಮಂಚದ ತುದಿಗೆ ಹೋಗಿ ಕೂತು, ಮಾತಾಡುತ್ತಲೇ ಹೆಬ್ಬೆರಳನ್ನು ಗಾದಿಯೊಳಗೆ ಊರುತ್ತಿದ್ದ. ಚಿಕ್ಕಪ್ಪನ ಮಗಳಿಗೆ ಗಂಡು ನೋಡಲು ರಾಣೆಬೆನ್ನೂರಿಗೆ ಹೋದಾಗಲೂ ಹಾಗೇ ಮಾಡಿ, ಹೊರಗೆ ಬಂದು, "ಐದಾರು ವರ್ಷದಿಂದ ಹತ್ತಿ ಹಿಂಜಿಸಿಲ್ಲ. ಮೈ ಬಗ್ಗಿಸೋ ಜನ ಅಲ್ಲ ಇವರು. ಬ್ಯಾಡ" ಅಂದಿದ್ದ. ಸಂಬಂಧ ಅಲ್ಲಿಗೇ ನಿಂತಿತು. ಆ ಹುಡುಗ ಈಗ ಸ್ವಂತ ಲಾರಿ ಇಟ್ಟುಕೊಂಡು, ಹೆಂಡತಿಯನ್ನು ಚೆನ್ನಾಗಿ ನೋಡಿಕೊಂಡಿದ್ದಾನೆ ಎಂದು ಚಿಕ್ಕಮ್ಮ ಇವತ್ತಿಗೂ ಹೇಳಿ ಹಲ್ಲು ಕಡಿಯುತ್ತಾಳೆ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ನಾನು ಯಾವ ನರ್ಸಿಂಗ್ ಕಾಲೇಜಿಗೆ ಸೇರಬೇಕು ಎಂಬುದನ್ನೂ ಅಪ್ಪ ಗಾದಿ ಒತ್ತಿಯೇ ತೀರ್ಮಾನ ಮಾಡಿದ.

ನಮ್ಮೂರು ಹರಿಹರ. ನಮ್ಮದು ಹತ್ತಿ ಹಿಂಜುವ ಪಿಂಜಾರರ ಮನೆ. ತಾತನ ಕಾಲಕ್ಕೆ ಬಿಲ್ಲಿನಿಂದ ಹಿಂಜುತ್ತಿದ್ದರು, ಅಪ್ಪನ ಕಾಲಕ್ಕೆ ಮಷಿನ್ನು ಬಂತು. ಮುಂದಿನ ಕೋಣೆಯೇ ಅಂಗಡಿ. ಮಷಿನ್ನು ಶುರುವಾದರೆ ಹತ್ತಿಯ ಧೂಳು ಒಳಗಿನ ಅಡಿಗೆಮನೆಯವರೆಗೂ ಬರುತ್ತಿತ್ತು. ಅನ್ನದ ತಪ್ಪಲೆಯ ಮೇಲೆ, ದೇವರ ಹೆಸರು ಬರೆದ ಗೋಡೆಯ ಪಟದ ಮೇಲೆ, ನಮ್ಮ ಹುಬ್ಬಿನ ಮೇಲೆ ಅದೇ ಬಿಳಿ. ಅವ್ವ ಪಟ್ಟೆ ಬಟ್ಟೆಯಲ್ಲಿ ಚೀಲ ಹೊಲಿಯುತ್ತಿದ್ದಳು. ಅಪ್ಪ ಅದಕ್ಕೆ ಅರಳೆ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಣದಲ್ಲಿ ಟಾಕು ಹಾಕುತ್ತಿದ್ದ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೊಲಿದು ಮುಗಿದ ಗಾದಿಯನ್ನು ಗಿರಾಕಿಗೆ ಕೊಡುವ ಮುಂಚೆ ಮನೆಯವರೊಬ್ಬರು ಅದರ ಮೇಲೆ ಒಂದು ಸಲ ಮಲಗಿ ಏಳಬೇಕು. ಎಲ್ಲಿ ಗಂಟಾಗಿದೆ, ಎಲ್ಲಿ ತೆಳುವಾಗಿದೆ ಅನ್ನುವುದು ಕೈಗಿಂತ ಬೆನ್ನಿಗೆ ಬೇಗ ಗೊತ್ತಾಗುತ್ತದೆ ಎಂದು ತಾತ ಹೇಳುತ್ತಿದ್ದನಂತೆ. ಬಾಣಂತಿಯ ಗಾದಿಯಾದರೆ ಅವ್ವನೇ ಮಲಗಬೇಕು. ಮದುವೆಯ ಗಾದಿಯಾದರೆ ಯಾರೂ ಮಲಗುವಂತಿಲ್ಲ, ಅಂಗೈಯಿಂದ ತಟ್ಟಿ ಕಳಿಸಬೇಕು. ಉಳಿದವಕ್ಕೆಲ್ಲ ಅಪ್ಪನದೇ ಬೆನ್ನು.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಆ ಬೆನ್ನು ಮಲಗುವುದನ್ನು ಬಿಟ್ಟಿತ್ತು. ಅಪ್ಪನಿಗೆ ದಮ್ಮು. ವರ್ಷಗಟ್ಟಲೆ ಎಳೆದುಕೊಂಡ ಹತ್ತಿಯ ಧೂಳು ಶ್ವಾಸಕೋಶದಲ್ಲಿ ಕೂತಿದೆ ಎಂದು ಡಾಕ್ಟರು ಹೇಳಿದ್ದರು. "ಮಲಗಿದ್ರೆ ಎದಿ ಮ್ಯಾಲೆ ಯಾರೋ ಕೂತಂಗಾಗ್ತೈತೆ" ಅನ್ನುತ್ತಿದ್ದ. ಹಳೆಯದೊಂದು ಗಾದಿಯನ್ನು ಸುರುಳಿ ಸುತ್ತಿ ಗೋಡೆಗೆ ಒತ್ತರಿಸಿ, ಅದಕ್ಕೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡುತ್ತಿದ್ದ. ಊರಿಗೆಲ್ಲ ಮಲಗಲು ಗಾದಿ ಹೊಲಿದವನ ಮನೆಯ ಕತೆ ಇದು. ಓಣಿಯವರು ತಮಾಷೆ ಮಾಡುತ್ತಿದ್ದರು, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ನಿಂಗೆ ಅಂಗಡಿ ತುಂಬ ಹಾಸಿಗೆ ಇದ್ರೂ ಕಾಲು ಚಾಚೋ ಯೋಗ ಇಲ್ಲ ನೋಡಪ್ಪ" ಎಂದು. ಅಪ್ಪನೂ ನಗುತ್ತಿದ್ದ. ನಗು ಕೆಮ್ಮಿಗೆ ತಿರುಗುತ್ತಿತ್ತು, ಕೆಮ್ಮು ನಿಲ್ಲುವವರೆಗೆ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು.

ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದೇ ನನಗೆ ನರ್ಸ್ ಆಗುವ ಆಸೆ ಹತ್ತಿದ್ದು. ಡಾಕ್ಟರು ಎರಡು ಮಾತಾಡಿ ಹೋಗುತ್ತಿದ್ದರು. ಆಮೇಲೆ ಸಿಸ್ಟರ್ ಬಂದು ಅಪ್ಪನ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸಿದರೆ ಅವನ ಮುಖದಲ್ಲಿ ಜೀವ ಬರುತ್ತಿತ್ತು. ಆ ಕೈ ನನಗೂ ಬೇಕು ಅನ್ನಿಸಿತ್ತು.

ನಾನು ಪಿಯುಸಿ ಪರೀಕ್ಷೆ ಬರೆದ ಬೇಸಿಗೆಯಲ್ಲಿ ಅಪ್ಪನಿಗೆ ಜೀವಮಾನದ ದೊಡ್ಡ ಆರ್ಡರ್ ಬಂತು. ಹರಿಹರದ ಹೊರಗೆ ಹೊಲಗಳ ನಡುವೆ ಹೊಸದಾಗಿ ಎದ್ದ ನರ್ಸಿಂಗ್ ಕಾಲೇಜಿನವರು ತಮ್ಮ ಆಸ್ಪತ್ರೆಗೆ ನೂರು ಗಾದಿ ಬೇಕೆಂದರು. ಬಂದವನು ಅಲ್ಲಿನ ಮ್ಯಾನೇಜರ್, ಇಸ್ತ್ರಿ ಮುರಿಯದ ಶರಟಿನವನು. "ಫೋಮ್ ಗೀಮ್ ಬ್ಯಾಡ್ರಿ, ಹತ್ತೀದೇ ಇರ್ಲಿ. ಆದ್ರೆ ಜಲ್ದಿ ಬೇಕು" ಅಂದ. ಎಲ್ಲರೂ ಫೋಮಿಗೆ ಹೋಗುತ್ತಿರುವ ಕಾಲದಲ್ಲಿ ಆಸ್ಪತ್ರೆಯವರೇ ಹತ್ತಿ ಕೇಳಿದರೆಂದು ಅಪ್ಪನಿಗೆ ಆ ಕಾಲೇಜಿನ ಮೇಲೆ ಅವತ್ತೇ ಪ್ರೀತಿ ಹುಟ್ಟಿತು. ಜಲ್ದಿ ಯಾಕೆ ಎಂದು ಅಪ್ಪನೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಬೇಸಿಗೆ ಪೂರ್ತಿ ಮಷಿನ್ನು ನಿಲ್ಲಲಿಲ್ಲ. ಪದ್ಧತಿ ಬಿಡಬಾರದು ಎಂದು ಪ್ರತಿಯೊಂದು ಗಾದಿಯ ಮೇಲೂ ನಾನೋ ಅವ್ವನೋ ಮಲಗಿ ಎದ್ದೆವು. ಅಪ್ಪ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಉಬ್ಬಸ ಪಡುತ್ತಲೇ ಕೇಳುತ್ತಿದ್ದ, "ನಡುವಿಗೆ ಗಂಟು ತಾಕ್ತೈತೇನು? ಭುಜದ ಕಡೆ ಹೆಂಗೈತೆ?" ರೋಗಿ ಮಲಗುವ ಗಾದಿ ಇದು, ತಿಂಗಳುಗಟ್ಟಲೆ ಮಲಗಿದರೆ ಗಂಟು ಚುಚ್ಚಿ ಹುಣ್ಣಾಗಬಾರದು ಎಂದು ನಾಲ್ಕಾರು ಗಾದಿಗಳನ್ನು ಬಿಚ್ಚಿ ಮತ್ತೆ ತುಂಬಿದ. ಆ ಆಸ್ಪತ್ರೆಯವರು ಕೂಡ ರೋಗಿಗಳ ಬಗ್ಗೆ ಅಷ್ಟು ಯೋಚನೆ ಮಾಡಿರಲಿಲ್ಲ.

ರಿಸಲ್ಟು ಬಂತು. ಬಿ.ಎಸ್ಸಿ. ನರ್ಸಿಂಗಿಗೆ ನನಗೆ ಎರಡು ಕಡೆ ಸೀಟು ಸಿಗುವಂತಾಯಿತು. ಒಂದು ದಾವಣಗೆರೆಯ ಹಳೆಯ ಕಾಲೇಜು, ಹಾಸ್ಟೆಲಿನಲ್ಲಿ ಇರಲೇಬೇಕು. ಇನ್ನೊಂದು ಹರಿಹರದ ಇದೇ ಹೊಸ ಕಾಲೇಜು. ಕೋರ್ಸ್ ಒಂದೇ, ವರ್ಷ ನಾಲ್ಕೇ, ಕೊನೆಗೆ ಕೈಗೆ ಬರುವ ಪದವಿಯ ಹೆಸರೂ ಒಂದೇ. ಪಿಯುಸಿಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಶಾಮನೂರಿನ ಗೆಳತಿ, ಒಕ್ಕಲುತನದ ಮನೆಯ ಹುಡುಗಿ, ಯೋಚನೆಯೇ ಮಾಡದೆ ದಾವಣಗೆರೆಯದಕ್ಕೆ ಸೇರಿಬಿಟ್ಟಳು. ಅವಳ ಮನೆಯಿಂದ ಅದು ಹತ್ತಿರ, ಅಷ್ಟೇ. ನಮ್ಮ ಮನೆಯಲ್ಲಿ ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಅಪ್ಪ ಎರಡನ್ನೂ ಕಣ್ಣಾರೆ ನೋಡಿ ಬರೋಣ ಅಂದ. ಮೊದಲು ದಾವಣಗೆರೆಗೆ ಹೋದೆವು. ಪಿ.ಬಿ. ರಸ್ತೆಯಲ್ಲಿ ಇಳಿದು, ಆಟೊ ಹಿಡಿದು, ಕಾಲೇಜಿನ ಆಸ್ಪತ್ರೆಯೊಳಗೆ ಕಾಲಿಟ್ಟದ್ದೇ ತಡ, ವಾಸನೆ. ಫಿನಾಯಿಲ್, ಕೀವು, ಹಳಸಿದ ಅನ್ನ, ಹೆಂಗಸರ ಬೆವರು, ಎಲ್ಲ ಸೇರಿದ ವಾಸನೆ. ಮಂಚಗಳು ಸಾಲದೆ ನೆಲದ ಮೇಲೂ ಚಾಪೆ ಹಾಸಿಕೊಂಡು ಮಲಗಿದ್ದರು. ನನಗಿಂತ ಒಂದೆರಡು ವರ್ಷ ದೊಡ್ಡವಳಾದ ವಿದ್ಯಾರ್ಥಿನಿಯೊಬ್ಬಳು ಟ್ರೇ ಹಿಡಿದು ಹೋಗುತ್ತಿದ್ದಳು, ಮುದುಕಿಯೊಬ್ಬಳು ಅವಳ ಬೂಟಿನ ಮೇಲೇ ವಾಂತಿ ಮಾಡಿಕೊಂಡಳು. ಹುಡುಗಿ ಟ್ರೇಯನ್ನು ಕಿಟಕಿಯ ಮೇಲಿಟ್ಟು, ಮುದುಕಿಯ ಹಣೆ ಹಿಡಿದುಕೊಂಡು, "ಆಗ್ಲಿ ಅಜ್ಜಿ, ಎಲ್ಲ ಬರ್ಲಿ ಬಿಡ್ರಿ" ಅಂದಳು. ನಾನು ಮೂಗಿಗೆ ದುಪಟ್ಟಾ ಒತ್ತಿಕೊಂಡು ಹಿಂದೆ ಸರಿದೆ, ಸುಳ್ಳು ಯಾಕೆ ಹೇಳಲಿ. ಅಪ್ಪ ಅದ್ಯಾವುದನ್ನೂ ನೋಡಲಿಲ್ಲ. ಖಾಲಿಯಾಗಿದ್ದ ಒಂದು ಮಂಚದ ಹತ್ತಿರ ಹೋಗಿ ಹೆಬ್ಬೆರಳು ಊರಿದ. ರೆಕ್ಸಿನ್ ಹರಿದಿತ್ತು. ನಡುವೆ ಆಳು ಹಿಡಿಸುವಷ್ಟು ತಗ್ಗು.

ವಾಪಸು ಬರುವ ಬಸ್ಸಿನಲ್ಲಿ ಕೂತು ಉಸಿರು ಸುಧಾರಿಸಿಕೊಂಡ ಮೇಲೆ, "ಈ ಬಸ್ಸಿನ ಸೀಟು ವಾಸಿ. ಗಾದಿ ನೋಡ್ಕಳಾಕಾಗದೋರು ಹುಡುಗ್ರನ್ನ ಏನು ನೋಡ್ಕಂತಾರೆ?" ಅಂದ.

ಮರುದಿನ ಹರಿಹರದ ಕಾಲೇಜು. ಮ್ಯಾನೇಜರ್ ಅಪ್ಪನಿಗೆ ಟೀ ತರಿಸಿ, ತಾನೇ ಕೈಹಿಡಿದು ವಾರ್ಡು ತೋರಿಸಿದ. ಹೊಳೆಯುವ ನೆಲ, ಹಸಿರು ಪರದೆ, ಸಾಲಾಗಿ ಕಬ್ಬಿಣದ ಮಂಚ, ಅವುಗಳ ಮೇಲೆ ಬಿಳಿ ಚಾದರ, ಚಾದರದ ಕೆಳಗೆ ಅಪ್ಪನ ಗಾದಿಗಳು. "ಆಸ್ಪತ್ರೆ ಈಗಿನ್ನೂ ಶುರುವಾಗೈತಲ್ರಿ, ಪೇಷಂಟ್ಸ್ ಬರ್ತಾರೆ" ಅಂದ ಮ್ಯಾನೇಜರ್. ಅಪ್ಪ ಒಂದೊಂದೇ ಗಾದಿಯ ಮೂಲೆ ಎತ್ತಿ ತನ್ನ ಟಾಕು ನೋಡಿಕೊಂಡ. ನನ್ನ ಕಡೆ ತಿರುಗಿದಾಗ ಅವನ ಕಣ್ಣು ತುಂಬಿತ್ತು. "ಯವ್ವಾ, ನಾನು ಹೊಲಿದಿದ್ರಾಗೆ ನೀನು ಕಲೀತಿ" ಅಂದ.

ಅವ್ವ ಒಪ್ಪಲಿಲ್ಲ. ಅವಳು ಎರಡು ಕಡೆಯೂ ಬಂದವಳಲ್ಲ, ನನ್ನಿಂದ ಎಲ್ಲ ಕೇಳಿಸಿಕೊಂಡಳು. "ಮಂದಿ ಇದ್ದ ಕಡೆ ಹೊಲಸಿರ್ತೈತೆ. ಮಂದಿ ಇದ್ದ ಕಡೆನೇ ಕಲಿಯಾಕೂ ಬರ್ತೈತೆ. ಬೆಳ್ಳಗಿರೋದೆಲ್ಲ ಹಾಲಲ್ಲ. ದಾವಣಗೆರಿಗೆ ಕಳಸ್ರಿ" ಅಂದಳು.

"ಸಂಜಿಗೆ ದಮ್ಮು ಹತ್ತಿದ್ರೆ ನನ್ನ ನೋಡೋರ್ಯಾರು? ಮಗಳು ಹಾಸ್ಟೆಲ್‌ನ್ಯಾಗೆ ಇರ್ತಾಳೆ" ಎಂದು ಅಪ್ಪ ಕೇಳಿದ. ಅವ್ವ ಮತ್ತೆ ಚೀಲ ಹೊಲಿಯಲು ಕೂತಳು. ನಾನು ಹರಿಹರದ ಕಾಲೇಜಿಗೆ ಸೇರಿದೆ. ಮನೆಯಲ್ಲೇ ಇದ್ದು, ಕಲಿತದ್ದನ್ನು ಅಪ್ಪನ ಮೇಲೇ ಮಾಡಿ, ಅವನನ್ನು ಉಳಿಸಿಕೊಳ್ಳುತ್ತೇನೆ ಎಂಬ ಲೆಕ್ಕ ನನ್ನದು.

ಪೇಷಂಟ್ಸ್ ಬರಲಿಲ್ಲ. ಮೊದಲ ವರ್ಷ ಬರಲಿಲ್ಲ, ಎರಡನೆಯ ವರ್ಷವೂ ಬರಲಿಲ್ಲ. ಹೊಲದಿಂದ ಬರುವಾಗ ಕಾಲಿಗೆ ಗಾಯವಾದವರು, ಬಿ.ಪಿ. ನೋಡಿಸಿಕೊಳ್ಳುವ ಮುದುಕರು, ದಿನಕ್ಕೆ ಯಾರೋ ಒಬ್ಬಿಬ್ಬರು ಬಂದು ಹೋಗುತ್ತಿದ್ದರು. ನಾವು ಕಲಿತದ್ದು ರಬ್ಬರಿನ ಗೊಂಬೆಯ ಮೇಲೆ. ಚುಚ್ಚಿ ಚುಚ್ಚಿ ಅದರ ತೋಳು ಜರಡಿಯಾಗಿತ್ತು. ಗೊಂಬೆ ಕೆಮ್ಮುವುದಿಲ್ಲ, ಮೈ ಕೊಸರುವುದಿಲ್ಲ, "ನೋಯ್ತೈತ್ರಿ ಸಿಸ್ಟರ್" ಅನ್ನುವುದಿಲ್ಲ. ವಾರ್ಡಿನಲ್ಲಿ ಟೆಂಪರೇಚರ್ ಚಾರ್ಟು ಬರೆಯುವ ಪಾಠವಿತ್ತು. ಖಾಲಿ ಮಂಚದ ಮುಂದೆ ನಿಂತು ನಾವೇ ಜ್ವರ ಏರಿಸಿ, ನಾವೇ ಇಳಿಸುತ್ತಿದ್ದೆವು. ಹುಡುಗಿಯರಿಗೆ ದಯೆ ಜಾಸ್ತಿ, ನಮ್ಮ ರೋಗಿಗಳು ಯಾರೂ ಸಾಯುತ್ತಿರಲಿಲ್ಲ. ಮೂಲೆಯಲ್ಲಿ ಆಕ್ಸಿಜನ್ ಸಿಲಿಂಡರ್ ಇತ್ತು. ಅದನ್ನು ತೆರೆಯುವ ಸ್ಪ್ಯಾನರ್ ಆಫೀಸಿನಲ್ಲಿತ್ತು, ಆಫೀಸು ಕೇಳಿದಾಗೆಲ್ಲ "ನಾಳೆ" ಅನ್ನುತ್ತಿತ್ತು. ಪುಸ್ತಕ ಓದಿ ಪರೀಕ್ಷೆ ಬರೆದೆವು. ದಮ್ಮಿನ ರೋಗಿಯ ಆರೈಕೆ ಎಂಬ ಪ್ರಶ್ನೆಗೆ ನನಗೆ ಕ್ಲಾಸಿಗೇ ಹೆಚ್ಚು ಮಾರ್ಕ್ಸ್ ಬಂತು.

ಶಾಮನೂರಿನ ಗೆಳತಿ ಭಾನುವಾರ ಫೋನ್ ಮಾಡುತ್ತಿದ್ದಳು. ಇವತ್ತು ಒಂದು ಹೆರಿಗೆ ನೋಡಿದೆ, ಇವತ್ತು ಒಬ್ಬ ಅಜ್ಜ ನನ್ನ ಕೈ ಹಿಡಕೊಂಡೇ ತೀರಿಕೊಂಡ, ಊಟ ಸೇರಲಿಲ್ಲ ಕಣೇ, ಅನ್ನುತ್ತಿದ್ದಳು. ಅವಳು ಅಳುತ್ತಿದ್ದರೆ ನನಗೆ ಹೊಟ್ಟೆಕಿಚ್ಚು. ಅಳುವುದಕ್ಕೂ ನಮಗೆ ಒಬ್ಬ ರೋಗಿ ಇರಲಿಲ್ಲ.

ಅಪ್ಪ ಮಾತ್ರ ಸಂಜೆ ನಾನು ಮನೆಗೆ ಬಂದ ಕೂಡಲೇ ಕೇಳುತ್ತಿದ್ದ.

"ಗಾದಿ ಹೆಂಗದಾವೆ?"

"ಚೆನ್ನಾಗದಾವಪ್ಪ."

"ತಗ್ಗು ಬಿದ್ದಿಲ್ಲ?"

"ಇಲ್ಲ."

"ನೋಡ್ದ್ಯಾ, ಕೈ ಅಂದ್ರೆ ಇದು" ಎಂದು ಅವ್ವನ ಕಡೆ ನೋಡಿ ಮೀಸೆಯೊಳಗೇ ನಗುತ್ತಿದ್ದ. ಬೇರೆ ಯಾರ ಮನೆಯ ಗಾದಿಯಾಗಿದ್ದರೂ, ಎರಡು ವರ್ಷಕ್ಕೂ ತಗ್ಗು ಬೀಳದಿದ್ದರೆ ಇದರ ಮೇಲೆ ಯಾರೂ ಮಲಗೇ ಇಲ್ಲ ಎಂದು ಹೆಬ್ಬೆರಳಿನಲ್ಲೇ ಹೇಳುತ್ತಿದ್ದವನು ಅವನು. ತನ್ನ ಗಾದಿಯ ವಿಷಯಕ್ಕೆ ಬಂದರೆ ಆ ಹೆಬ್ಬೆರಳು ಕುರುಡಾಯಿತು. ಅವ್ವನಿಗೆ ಅರ್ಥವಾಗಿತ್ತು ಅನ್ನಿಸುತ್ತದೆ. ಅವಳು ತಲೆ ಎತ್ತದೆ ಹೊಲಿಯುತ್ತಿದ್ದಳು. ಆ ನೂರು ಗಾದಿಗಳ ಮೇಲೆ ಅಲ್ಲಿಯವರೆಗೆ ಮಲಗಿದ ಮನುಷ್ಯರೆಂದರೆ ನಾವಿಬ್ಬರೇ.

ಎರಡನೆಯ ವರ್ಷದ ಕೊನೆಗೆ ಇನ್‌ಸ್ಪೆಕ್ಷನ್ ಬರುವ ಸುದ್ದಿ ಬಂತು. ಆಸ್ಪತ್ರೆಯಲ್ಲಿ ರೋಗಿಗಳಿದ್ದಾರೋ ಇಲ್ಲವೋ ನೋಡಲು ಹೊರಗಿನಿಂದ ತಂಡ ಬರುತ್ತದೆ. ರೋಗಿಗಳಿಲ್ಲದಿದ್ದರೆ ಕಾಲೇಜಿನ ಮಾನ್ಯತೆ ಹೋಗುತ್ತದೆ, ನಮ್ಮ ಎರಡು ವರ್ಷವೂ ಹೋಗುತ್ತದೆ ಎಂದು ಮ್ಯಾನೇಜರ್ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದ. ಅವತ್ತು ಬೆಳಿಗ್ಗೆ ಆನಗೋಡಿನ ಆ ಕಡೆಯ ಹಳ್ಳಿಗಳಿಂದ ಟೆಂಪೊಗಳಲ್ಲಿ ಜನ ಬಂದಿಳಿದರು. ಹತ್ತಿರದ ಹಳ್ಳಿಯವರಾದರೆ ಯಾರಾದರೂ ಗುರುತು ಹಿಡಿದಾರು ಎಂದು ಅಷ್ಟು ದೂರದವರು. ಕೂಲಿಗೆ ಹೋಗುವಂತೆ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಮಂಚಕ್ಕೊಬ್ಬರಂತೆ ಮಲಗಿಸಿ, ಕೈಗೆ ಬ್ಯಾಂಡೇಜು ಸುತ್ತಿ, ತಲೆಯ ಹತ್ತಿರ ರೋಗದ ಹೆಸರು ಬರೆದ ಹಲಗೆ ನೇತುಹಾಕಿದೆವು. ಗಟ್ಟಿಮುಟ್ಟಾದ ಹೆಂಗಸೊಬ್ಬಳು ತನ್ನ ಹಲಗೆ ನೋಡಿ, "ನಂಗೇನಾಗೈತವ್ವ?" ಎಂದು ಕೇಳಿದಳು. "ಟೈಫಾಯ್ಡ್" ಅಂದೆ. "ಅಯ್ಯ, ಹೋದ ವರ್ಷ ಖರೇನೆ ಬಂದಿತ್ತು" ಅಂದಳು.

ಜನ ಸಾಲಲಿಲ್ಲ. ನನಗೆ ತಿಳಿಸದೆಯೇ ಮ್ಯಾನೇಜರ್ ಅಪ್ಪನಿಗೆ ಫೋನ್ ಮಾಡಿದ್ದ. ನಾನು ಸರ್ಜಿಕಲ್ ವಾರ್ಡಿನಲ್ಲಿ ಚಾದರ ಸರಿಮಾಡುತ್ತಿದ್ದಾಗ ಬಾಗಿಲಲ್ಲಿ ಅಪ್ಪ ನಿಂತಿದ್ದ, ಬಿಳಿ ಜುಬ್ಬಾ, ತಲೆಗೆ ಟೋಪಿ, ಹಬ್ಬಕ್ಕೆ ಹೊರಟವನ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು.

"ಯಾಕ ಬಂದೆ? ಮನೆಗೆ ನಡಿ" ಅಂದೆ.

"ನಿನ್ನ ಕಾಲೇಜಿನ ಮರ್ವಾದಿ ಅಲ್ಲೇನವ್ವ? ಎಲ್ಲಾರೂ ಸುಳ್ಳು ಪೇಷಂಟು, ನಾನೊಬ್ಬ ಖರೇ ಪೇಷಂಟು. ಬ್ಯಾಡ ಅಂದ್ರೆ ಹೆಂಗೆ?" ಎಂದು ನಕ್ಕ.

ಅಪ್ಪ ತನ್ನ ಗಾದಿಯ ಮೇಲೆ ಕೂತ. ತಲೆಯ ಹತ್ತಿರದ ಹಲಗೆಯಲ್ಲಿ ಹರ್ನಿಯಾ ಎಂದಿತ್ತು. ಅವತ್ತಿನ ಮಟ್ಟಿಗೆ ಸೂಪರಿಂಟೆಂಡೆಂಟ್ ಆಗಿ ಬಂದಿದ್ದ ಸಿಸ್ಟರ್ ಸುತ್ತು ಹಾಕುತ್ತಾ ಬಂದು, "ಯಜಮಾನ್ರೆ, ಮಲಗ್ರಿ. ಆಪರೇಷನ್ ಪೇಷಂಟ್ ಹಿಂಗೆ ಕೂತ್ಕಂಡಿರಲ್ಲ" ಅಂದರು. ಇವರಿಗೆ ಮಲಗಲು ಆಗುವುದಿಲ್ಲ, ದಮ್ಮಿದೆ, ಅಂದೆ. "ಸ್ವಲ್ಪ ಹೊತ್ತು ಅಷ್ಟೇ ಕಣಮ್ಮ" ಅಂದರು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೈಸನ್ನೆ ಮಾಡಿ ಮಲಗಿಯೇಬಿಟ್ಟ. ಎಷ್ಟೋ ವರ್ಷಗಳ ಮೇಲೆ ಅಪ್ಪ ಅಂಗಾತ ಮಲಗಿದ್ದನ್ನು ಅವತ್ತೇ ನೋಡಿದ್ದು. ಅಂಗೈಯಿಂದ ಎರಡೂ ಬದಿ ಗಾದಿಯನ್ನು ಸವರಿ, "ಭುಜದ ಕಡೆ ಚಲೋ ಐತೆ" ಅಂದ.

ತಂಡದವರು ಮೊದಲು ಲೈಬ್ರರಿ ನೋಡಿದರು, ಆಮೇಲೆ ಲ್ಯಾಬು ನೋಡಿದರು, ಆಮೇಲೆ ಊಟಕ್ಕೆ ಕೂತರು. ಸ್ವಲ್ಪ ಹೊತ್ತು ಅನ್ನುವುದು ಮಧ್ಯಾಹ್ನ ದಾಟಿತು. ಎರಡು ಸಲ ಅಪ್ಪನನ್ನು ಎಬ್ಬಿಸಿ ಕೂರಿಸಿದೆ, ಎರಡು ಸಲವೂ ಬಂದರು ಬಂದರು ಎಂದು ಯಾರೋ ಕೂಗಿ ಅವನು ತಾನೇ ಮಲಗಿಕೊಂಡ. ಇನ್‌ಸ್ಪೆಕ್ಷನ್ನಿಗೆಂದು ಅವತ್ತೇ ಬೀರುವಿನಿಂದ ಹೊರಗೆ ತೆಗೆದಿದ್ದ ಸ್ಟೆತಸ್ಕೋಪನ್ನು ಅವನ ಎದೆಗಿಟ್ಟು ಕೇಳಿದೆ. ಎರಡು ವರ್ಷ ಓದಿದ ಮೇಲೆ ನಾನು ಸರಿಯಾಗಿ ಕೇಳಿಸಿಕೊಂಡ ಮೊದಲ ಕಾಯಿಲೆಯ ಎದೆ ಅದು. ಒಳಗೆ ಸಣ್ಣ ಸಿಳ್ಳೆ, ಅದರ ಕೆಳಗೆ ನೀರು ಕುದಿಯುವ ಹಾಗೆ ಇನ್ನೊಂದು ಸದ್ದು. ಪುಸ್ತಕದಲ್ಲಿ ಅದಕ್ಕೆ ಹೆಸರಿತ್ತು. ನನಗೆ ಹೆದರಿಕೆಯಲ್ಲಿ ಹೆಸರೇ ಮರೆತುಹೋಯಿತು.

ಕೊನೆಗೆ ಬಂದರು. ತಂಡದ ಹಿರಿಯ ಮೇಡಂ ಅಪ್ಪನ ಮಂಚದ ಮುಂದೆ ನಿಂತು ನನ್ನನ್ನೇ ಕೇಳಿದರು, "ಪೇಷಂಟಿಗೆ ಏನಾಗಿದೆ?" ಅಪ್ಪನ ತುಟಿ ಆಗಲೇ ಸೀಸದ ಬಣ್ಣಕ್ಕೆ ತಿರುಗಿತ್ತು. ನನ್ನ ಕಣ್ಣು ಹಲಗೆಯ ಕಡೆ ಹೋಯಿತು.

"ಹರ್ನಿಯಾ ರೀ ಮೇಡಂ" ಎಂದು ಅಪ್ಪ ಹೇಳಿದ. ಆ ಮೂರು ಮಾತಿಗೆ ಮೂರು ಸಲ ಉಸಿರು ಎಳೆದ.

ಮೇಡಂ ಅವನ ತುಟಿ ನೋಡಿದರು. ಹಲಗೆ ನೋಡಿದರು. ಹಿಂದಿನಿಂದ ಮ್ಯಾನೇಜರ್ "ಈ ಕಡೆ ಬರ್ರಿ ಮೇಡಂ" ಅಂದ, ಅವರು ಮುಂದಿನ ಮಂಚಕ್ಕೆ ಹೋದರು. ಆ ಮೇಡಂಗೆ ಗೊತ್ತಾಗಿತ್ತು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಮನೆಗೆ ಕರೆದುಕೊಂಡು ಬರುವಾಗಲೇ ಅಪ್ಪನಿಗೆ ಮಾತು ನಿಂತಿತ್ತು. ಸುರುಳಿ ಗಾದಿಗೆ ಒರಗಿಸಿದೆವು, ದಮ್ಮಿನ ಔಷಧಿಯ ಪಂಪನ್ನು ಬಾಯಿಗೆ ಹೊಡೆದೆವು, ಉಬ್ಬಸ ಇಳಿಯಲಿಲ್ಲ. ಓಣಿಯವರು ಬಾಗಿಲಲ್ಲಿ ನೆರೆದರು. "ಮನ್ಯಾಗೇ ನರ್ಸು ಐತೆ, ಯಾಕ ಹೆದರ್ತೀರಿ" ಎಂದು ಯಾರೋ ಅಂದರು. ಅವ್ವ ನನ್ನ ರಟ್ಟೆ ಹಿಡಿದು, "ಏನಾರ ಮಾಡೇ" ಅಂದಳು. ಯೂನಿಫಾರಂ ಇನ್ನೂ ಮೈಮೇಲೇ ಇತ್ತು. ನಾನು ಏನು ಮಾಡಬೇಕಿತ್ತು? ಗೊಂಬೆಗೆ ಮಾಡುತ್ತಿದ್ದದ್ದು ಇವನಿಗೆ ಮಾಡಿದರೆ ಇವನು ಗೊಂಬೆಯಲ್ಲ. ಅಪ್ಪನ ಕೈ ಹಿಡಿದು ಆಂಬ್ಯುಲೆನ್ಸ್ ಬರುವವರೆಗೆ ಸುಮ್ಮನೆ ಕೂತೆ.

ದಾವಣಗೆರೆಯಲ್ಲಿ ಅವನನ್ನು ಇಳಿಸಿದ್ದು ಅಪ್ಪ ಬ್ಯಾಡ ಅಂದಿದ್ದ ಅದೇ ಆಸ್ಪತ್ರೆಯಲ್ಲಿ. ದೀಪ ಹಚ್ಚುವ ಹೊತ್ತು. ವಾರ್ಡು ಅವತ್ತಿನ ಹಾಗೇ ತುಂಬಿತ್ತು, ವಾಸನೆ ಅದೇ. ಟ್ರಾಲಿಯ ಹತ್ತಿರ ಓಡಿಬಂದವಳನ್ನು ನೋಡಿದರೆ ನಮ್ಮ ಶಾಮನೂರಿನ ಹುಡುಗಿ. ನನ್ನ ಮುಖ ನೋಡಿ ಒಂದು ಗಳಿಗೆ ನಿಂತಳು, ಅಷ್ಟೇ. ಮಂಚದ ತಲೆಭಾಗ ಎತ್ತಿದಳು. ಅಪ್ಪನ ಮುಂದೆ ಸಣ್ಣ ಮೇಜು ಎಳೆದು, ಅದರ ಮೇಲೆ ದಿಂಬಿಟ್ಟು, "ಮಾವಾರೆ, ಇದರ ಮ್ಯಾಲೆ ಕೈಯೂರಿ ಮುಂದಕ್ಕೆ ಬಗ್ರಿ. ಹಾಂ, ಹಂಗೆ. ಬಾಯಿ ಸಣ್ಣಗೆ ಮಾಡಿ ಗಾಳಿ ಬಿಡ್ರಿ" ಅಂದಳು. ನನ್ನ ಕಡೆ ತಿರುಗದೆ, "ಆಕ್ಸಿಜನ್ ಹಚ್ಚೇ" ಅಂದಳು.

ಆಕ್ಸಿಜನ್ನಿನ ಗುಂಡಿ ಗೋಡೆಯ ಮೇಲೆ ನನ್ನ ಕಣ್ಣೆದುರೇ ಇತ್ತು. ಯಾವ ಕಡೆ ತಿರುಗಿಸಬೇಕು ಎಂದು ನನಗೆ ಗೊತ್ತಿರಲಿಲ್ಲ. ಇಂಥ ರೋಗಿಗೆ ಆಕ್ಸಿಜನ್ ಕಡಿಮೆ ಕೊಡಬೇಕು, ಹೆಚ್ಚಾದರೆ ಅಪಾಯ ಎಂದು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡವಳು ನಾನು. ಕೈ ಗಾಳಿಯಲ್ಲೇ ನಿಂತಿತು. ಅವಳು ನನ್ನನ್ನು ಭುಜದಿಂದ ಸರಿಸಿ, ಗುಂಡಿ ತಿರುಗಿಸಿ, ಕೊಳವೆ ಸಿಕ್ಕಿಸಿ, ಡಾಕ್ಟರನ್ನು ಕರೆಯಲು ಓಡಿದಳು. ಅವಳ ಅಪ್ರನ್ನಿನ ಮೇಲೆ ಯಾರದೋ ರಕ್ತದ ಕಲೆ ಇತ್ತು. ನನ್ನದು ಬೆಳ್ಳಗಿತ್ತು. ಆ ಬಿಳಿಯನ್ನು ಹರಿದು ಹಾಕಬೇಕು ಅನ್ನಿಸಿತು.

ಬೆಳಗಿನ ಹೊತ್ತಿಗೆ ಅಪ್ಪನಿಗೆ ಸ್ವಲ್ಪ ಮಾತು ಬಂತು. ಮೇಜಿಗೆ ಒರಗಿಕೊಂಡೇ ಒಂದು ಕೈ ಕೆಳಗಿಳಿಸಿ, ರೆಕ್ಸಿನ್ನಿನ ಮೇಲೆ ಹೆಬ್ಬೆರಳು ಊರಿದ. ತಗ್ಗಿನೊಳಗೆ ಬೆರಳು ಇಳಿಯಿತು.

"ಇದರ ಮ್ಯಾಲೆ ಬಾಳ ಮಂದಿ ಮಲಗ್ಯಾರವ್ವ" ಅಂದ.

ಬೆರಳನ್ನು ಅಲ್ಲೇ ಇಟ್ಟುಕೊಂಡು, "ಅಲ್ಲಿ ನಂದು... ಅಚ್ಚುಕಟ್ಟಾಗೇ ಇತ್ತು. ಹೊಲಿದು ಕೊಟ್ಟಂಗೇ ಇತ್ತು" ಅಂದ. ಅವನ ಮುಖ ನೋಡಿದರೆ, ಹೇಳುತ್ತಾ ಹೇಳುತ್ತಾ ಅವನಿಗೇ ಅರ್ಥವಾದ ಹಾಗಿತ್ತು. ಗೆಳತಿ ಬಂದು ಅವನ ಬೆನ್ನಿಗೆ ಕೈಕೊಟ್ಟು ಮೇಲೆ ಸರಿಸಿ ಕೂರಿಸಿದಳು. ಅವಳು ಹೋದ ಮೇಲೆ, "ಆ ಹುಡುಗಿ ಕೈ ಚಲೋ ಐತೆ" ಅಂದ. ಅದು ಅವನು ನನ್ನ ಜೊತೆ ಆಡಿದ ಕೊನೆಯ ಮಾತು. ನನ್ನ ಕೈಗೆ ಹೇಳಬೇಕಿದ್ದ ಮಾತನ್ನು ಅವಳ ಕೈಗೆ ಹೇಳ್ತಿದ್ದಾನಲ್ಲ ಎಂದು ಆ ಹೊತ್ತಿನಲ್ಲೂ ನನಗೆ ಹೊಟ್ಟೆ ಉರಿಯಿತು. ಮಧ್ಯಾಹ್ನ ಅಪ್ಪ ಕೂತಲ್ಲೇ ಹೋದ. ಮಯ್ಯತ್ತನ್ನು ಮಣ್ಣಿಗೆ ಒಯ್ಯಲು ಮಲಗಿಸುವಾಗ ಅವ್ವ, "ಮೆತ್ತಗೆ ಮಲಗಿಸ್ರಿ, ಅವರಿಗೆ ಮಲಗಿದ್ರೆ ಆಗಲ್ಲ" ಅಂದಳು.

ಮೂರನೆಯ ದಿನದ ಜಿಯಾರತ್ ಮುಗಿದು ಕೆಲವು ವಾರಗಳಾಗಿದ್ದವು. ಅವ್ವ ಅಂಗಡಿ ಮತ್ತೆ ತೆರೆದಿದ್ದಳು. ಕಾಲೇಜಿನ ಮಾನ್ಯತೆ ಉಳಿದಿತ್ತು, ಸೀಟೂ ಹೆಚ್ಚಾಗಿತ್ತು. ಮ್ಯಾನೇಜರ್ ಬಂದು ಬಾಗಿಲಲ್ಲಿ ನಿಂತು ಎರಡು ಮಾತು ದುಃಖ ಹೇಳಿ, ಆಮೇಲೆ ಇನ್ನೂ ಐವತ್ತು ಗಾದಿ ಬೇಕಿತ್ತಲ್ರಿ ಅಂದ.

ಅವ್ವ ಮೊಣಕಾಲು ಮುಚ್ಚುವಷ್ಟು ಅರಳೆಯ ನಡುವೆ ಕೂತಿದ್ದಳು. ದಬ್ಬಣದಿಂದ ಕಣ್ಣು ಎತ್ತದೆ, "ಅರಳೆ ಇಲ್ರಿ" ಅಂದಳು.

ಅವನು ಅವಳ ಸುತ್ತ ನೋಡಿ, "ಮತ್ತೆ ಇದೇನ್ರಿ?" ಅಂದ.

"ಇದು ಮಲಗೋರಿಗೆ."

ಅವನು ನನ್ನ ಕಡೆ ನೋಡಿದ. ಅವ್ವ ನನಗೆ ಹೇಳಿದಳು, ಅವನ ಮುಂದೆಯೇ, "ನಾಳೆ ಹೋಗಿ ನಿನ್ನ ಟಿ.ಸಿ. ಕೇಳು. ದಾವಣಗೆರಿಗೆ ಹೋಗು. ಮೊದಲಿನಿಂದ ಕಲಿ." ಎರಡು ವರ್ಷ ಮಣ್ಣುಪಾಲಾಗುತ್ತದೆ ಎಂದು ಮ್ಯಾನೇಜರ್ ಹೇಳಿದ. ಮಣ್ಣುಪಾಲಾದದ್ದು ಏನೆಂದು ನಮ್ಮ ಮನೆಯಲ್ಲಿ ಅವನು ಹೇಳಿಕೊಡಬೇಕಾಗಿರಲಿಲ್ಲ.

ಮುಂದಿನ ವರ್ಷ ದಾವಣಗೆರೆಯಲ್ಲಿ ಮತ್ತೆ ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದೆ. ಜೊತೆಯ ಹುಡುಗಿಯರು ನನ್ನನ್ನು ಅಕ್ಕ ಅನ್ನುತ್ತಿದ್ದರು. ಶಾಮನೂರಿನ ಗೆಳತಿ ನನಗೆ ಸೀನಿಯರ್ ಆದಳು. ಮೊದಲ ಪೋಸ್ಟಿಂಗಿನಲ್ಲೇ ಒಬ್ಬ ಮುದುಕ ನನ್ನ ಬೂಟಿನ ಮೇಲೆ ವಾಂತಿ ಮಾಡಿಕೊಂಡ. ಅವನ ಹಣೆ ಹಿಡಿದುಕೊಂಡು ನಿಂತಾಗ ಅಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ, ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅವನು ಅವತ್ತು ಇಲ್ಲಿ ಗಾದಿಯ ಬದಲು ಈ ಮುದುಕನಂಥ ಯಾರನ್ನಾದರೂ ನೋಡಿದ್ದರೆ ಇನ್ನೂ ನಾಲ್ಕು ವರ್ಷ ಇರುತ್ತಿದ್ದನೋ ಏನೋ. ಇರುತ್ತಿರಲಿಲ್ಲವೋ ಏನೋ.

ಹಾಸ್ಟೆಲಿಗೆ ಗಾದಿ ನಾವೇ ಒಯ್ಯಬೇಕಿತ್ತು. ಅವ್ವ ಹೊಸದು ಹೊಲಿಯಲು ಕೂತಳು, ಬ್ಯಾಡ ಅಂದೆ. ಅಪ್ಪ ಒರಗುತ್ತಿದ್ದ ಸುರುಳಿಯನ್ನು ತೆಗೆದುಕೊಂಡೆ. ಹಿಂಜಿ ತುಂಬಿಕೊಡ್ತೀನಿ ತಾರೇ ಅಂದಳು, ಅದಕ್ಕೂ ಒಪ್ಪಲಿಲ್ಲ. ಹಾಸ್ಟೆಲಿನ ಮಂಚದ ಮೇಲೆ ಬಿಚ್ಚಿ ಹಾಸಿದಾಗ ತಗ್ಗು ನಡುವೆ ಇರಲಿಲ್ಲ. ಒಂದು ತುದಿಗೆ ಅಡ್ಡಕ್ಕೆ ಬಿದ್ದಿತ್ತು, ಕೂತವನ ಬೆನ್ನಿನ ಅಗಲಕ್ಕೆ. ಹೇಗೆ ಮಲಗಿದರೂ ನನ್ನ ಮೈಗೆ ಅದು ಹೊಂದುವುದಿಲ್ಲ, ಒಂದೋ ಕುತ್ತಿಗೆಗೆ ಬರುತ್ತದೆ, ಇಲ್ಲವೇ ಕಾಲಿಗೆ ಬರುತ್ತದೆ. ಈಗ ಎಸ್.ಎಸ್. ಬಡಾವಣೆಯಲ್ಲಿ ಬಾಡಿಗೆ ಕೋಣೆ, ಅದೇ ಆಸ್ಪತ್ರೆಯಲ್ಲಿ ಕೆಲಸ, ದಮ್ಮಿನ ರೋಗಿಗಳ ವಾರ್ಡು. ನನ್ನ ಕೈಯೂ ಚಲೋ ಐತೆ ಎಂದು ಅಲ್ಲಿ ಕೆಲವರು ಹೇಳಿದ್ದಾರೆ. ಕೋಣೆಗೆ ಬಂದು ಅದೇ ಗಾದಿಯ ಮೇಲೆ ಮಲಗುತ್ತೇನೆ, ನಿದ್ದೆ ಸರಿಯಾಗಿ ಬರುವುದಿಲ್ಲ.